ಅಲಂಕಾರ ನಮ್ಮ ಮನ್ಯಾಗೇ ಅದ



ಈ ಸಲದ ಗೋಡೆ ಪತ್ರಿಕೆಗೆ ಏನು ಬರೆಯಲಿ ಎಂದು ಕೇಳಿದಾಗ ನಮ್ಮ ಕನ್ನಡ ಗುರುಗಳು, “ಅಲಂಕಾರದ ಬಗ್ಗೆ ಬರಿ, ಎಲ್ಲಾರಿಗೂ ಪರೀಕ್ಷಿಗೆ ಉಪಯೋಗ ಆಗ್ತದ” ಅಂದರು. ನನಗೆ ನಗು ಬಂತು, ಒಳಗೊಳಗೆ ಅಳುವೂ ಬಂತು. ಯಾಕಂದ್ರ ಹೋದ ವರ್ಷ ಇದೇ ಅಲಂಕಾರದ ದೆಸೆಯಿಂದ ನಾನು ನೂರು ಮಂದಿ ಮುಂದೆ ತಲೆ ತಗ್ಗಿಸಿದ್ದೆ.

ಅದು ಕಥೆ ಹೇಳುವ ಸ್ಪರ್ಧೆ. ನಮ್ಮ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಹೇಳುತ್ತಿದ್ದ ಒಂದು ಕಥೆಯನ್ನು ನಾನು ಆರಿಸಿಕೊಂಡೆ. ಆದರೆ ಆಯಿ ಹೇಳಿದಂಗ ಹೇಳಿದರೆ ಹಳ್ಳಿ ಮಾತು ಅಂತ ನಕ್ಕಾರು ಎಂದು ಹೆದರಿ, ಅದಕ್ಕೆ ಪುಸ್ತಕದ ಮಾತುಗಳನ್ನೆಲ್ಲ ತೊಡಿಸಿದೆ. ಸೂರ್ಯ ಅನ್ನುವಲ್ಲಿ ದಿನಕರ ಅಂದೆ. ಬಡತನ ಅನ್ನುವಲ್ಲಿ ‘ದಾರಿದ್ರ್ಯವೆಂಬ ಘೋರ ಕಾರ್ಗತ್ತಲು’ ಅಂದೆ. ಒಂದೊಂದು ಸಾಲಿಗೆ ಎರಡೆರಡು ಉಪಮೆ ಹಾಕಿದೆ. ಕಥೆ ಮುಗಿಸುವಾಗ “ಅವಳ ಉಡಿಯಲ್ಲಿ ಒಂದು ರಂಧ್ರವಿತ್ತು” ಎಂದು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸಣ್ಣ ಹುಡುಗನೊಬ್ಬ ಜೋರಾಗಿ ಕೇಳಿದ: “ಅಕ್ಕಾ, ಆ ತೂತು ಈಗ ಬಿತ್ತೇನು?” ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಅಲ್ಲಿಗೇ ಕೆಳಗಿಳಿದೆ.

ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ಸ್ವಲ್ಪ ದೊಡ್ಡ ಲೇಖನ ಆಗ್ಯಾದ. ನಿಂತು ಓದಿ ಕಾಲು ನೋವಾದರೆ ಅರ್ಧ ಇವತ್ತು, ಅರ್ಧ ನಾಳೆ ಓದಿರಿ.

ಅಲಂಕಾರ ಎಂದರೇನು?

ಅಲಂಕಾರ ಎಂದರೆ ಒಡವೆ, ಶೃಂಗಾರ. ಮಾತಿಗೆ ಚೆಲುವು ಬರುವಂತೆ, ಕೇಳಿದವರ ಮನಸ್ಸಿನಲ್ಲಿ ನಿಲ್ಲುವಂತೆ ಹೇಳುವ ರೀತಿಗೆ ಈ ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಕಿವಿಗೆ ಇಂಪಾಗುವಂತೆ ಅಕ್ಷರಗಳನ್ನು ಜೋಡಿಸಿದರೆ ಶಬ್ದಾಲಂಕಾರ. ಅರ್ಥದಲ್ಲಿ ಚಮತ್ಕಾರ ಇದ್ದರೆ ಅರ್ಥಾಲಂಕಾರ.

ಇದನ್ನು ಕನ್ನಡದಲ್ಲಿ ವಿವರಿಸಿದ, ಈಗ ಸಿಕ್ಕಿರುವ ಮೊದಲ ಗ್ರಂಥ ಹುಟ್ಟಿದ್ದು ಎಲ್ಲಿ ಗೊತ್ತೇನು? ಮೈಸೂರಿನಲ್ಲಲ್ಲ, ಧಾರವಾಡದಲ್ಲಲ್ಲ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ! ಸೇಡಂ ತಾಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯ ಮೇಲಿದೆ. ಆಗ ಅದರ ಹೆಸರು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗನೆಂದು ಹೆಸರಾದ ಅಮೋಘವರ್ಷನು ಕ್ರಿ.ಶ. 814ರಿಂದ 878ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ಶ್ರೀವಿಜಯ ಎಂಬ ಕವಿ ಸುಮಾರು 850ರಲ್ಲಿ ‘ಕವಿರಾಜಮಾರ್ಗ’ವನ್ನು ರಚಿಸಿದ. ನಮಗೆ ದೊರೆತ ಕನ್ನಡ ಗ್ರಂಥಗಳಲ್ಲೆಲ್ಲ ಇದೇ ಹಳೆಯದು. ಸಂಸ್ಕೃತದ ದಂಡಿ ಬರೆದ ‘ಕಾವ್ಯಾದರ್ಶ’ ಇದಕ್ಕೆ ಆಧಾರ. ಇದರಲ್ಲಿ ಮೂರು ಭಾಗ ಇವೆ: ಮೊದಲನೆಯದು ಕಾವ್ಯದ ತಪ್ಪು ಒಪ್ಪುಗಳು, ಎರಡನೆಯದು ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಅಂದರೆ ನಾವು ಈಗ ಪರೀಕ್ಷೆಗೆ ಬಾಯಿಪಾಠ ಮಾಡುವ ಪಾಠವನ್ನು ನಮ್ಮ ನೆಲದವರು ಸಾವಿರದ ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ಅದರಲ್ಲಿ ನನಗೆ ಬಹಳ ಹಿಡಿಸಿದ ಮಾತು ಒಂದಿದೆ. ಕಾವೇರಿಯಿಂದ ಗೋದಾವರಿವರೆಗಿನ ಈ ನಾಡಿನ ಜನ ಓದು ಬರಹ ಕಲಿಯದಿದ್ದರೂ ಕಾವ್ಯದಲ್ಲಿ ಜಾಣರು ಎಂದು ಶ್ರೀವಿಜಯ ಹೇಳುತ್ತಾನೆ. ಗುರುಗಳು ಇದನ್ನು ವಿವರಿಸಿದ ದಿನ ನನಗೆ ಆಯಿ ನೆನಪಾದಳು. ಆಕೆಗೆ ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ. ಆದರೆ ಆಕೆಯ ಬಾಯಲ್ಲಿ ದಿನಕ್ಕೆ ಹತ್ತು ಅಲಂಕಾರ ಬರುತ್ತವೆ. ನಂಬಿಕೆ ಇಲ್ಲದಿದ್ದರೆ ಮುಂದೆ ಓದಿರಿ.

ಮನೆ ಮಾತಿನ ಅಲಂಕಾರಗಳು

1. ಉಪಮೆ: ಒಂದನ್ನು ಇನ್ನೊಂದಕ್ಕೆ ಹೋಲಿಸುವುದು. ಬೆಳಿಗ್ಗೆ ಎದ್ದ ಕೂಡಲೇ ಆಯಿ ನನಗೆ ಹೇಳುವ ಮಾತು: “ನಿನ್ನ ತಲಿ ಕಾಗಿ ಗೂಡಿನಂಗ ಕೆದರ್ಯಾದ.” ಇದರಲ್ಲಿ ನಾಲ್ಕೂ ಅಂಗ ಇವೆ ನೋಡಿರಿ. ಯಾವುದನ್ನು ಹೋಲಿಸಿದೆಯೋ ಅದು ಉಪಮೇಯ, ಅಂದರೆ ನನ್ನ ತಲೆ. ಯಾವುದಕ್ಕೆ ಹೋಲಿಸಿದೆಯೋ ಅದು ಉಪಮಾನ, ಅಂದರೆ ಕಾಗೆಯ ಗೂಡು. ‘ಅಂಗ’ ಎಂಬುದು ಉಪಮಾವಾಚಕ. ಪುಸ್ತಕದಲ್ಲಿ ಅಂತೆ, ಹಾಗೆ ಎಂದು ಇರುತ್ತದೆ. ಎರಡಕ್ಕೂ ಇರುವ ಸಮಾನ ಗುಣ ಕೆದರಿರುವುದು, ಅದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. “ಕಾಗಿ ಗೂಡಿನಂಥ ತಲಿ” ಎಂದಷ್ಟೇ ಅಂದರೆ ಕೆದರಿರುವುದು ಎಂಬ ಮಾತು ಬಿಟ್ಟುಹೋಗುತ್ತದೆ, ಆಗ ಅದು ಲುಪ್ತೋಪಮೆ.

2. ರೂಪಕ: ಇಲ್ಲಿ ‘ಹಾಗೆ’ ಎಂಬ ಮಾತೇ ಇರುವುದಿಲ್ಲ. ಎರಡನ್ನೂ ಒಂದೇ ಎಂದು ಹೇಳುವುದು. ನಮ್ಮ ಅಪ್ಪ ಒಮ್ಮೆ ಹೇಳಿದ: “ಸಾಲ ಅಂದ್ರ ಮನಿಗಿ ಬಂದ ಅಳಿಯ. ಇರು ಅನ್ನಾಂಗಿಲ್ಲ, ಹೋಗು ಅನ್ನಾಂಗಿಲ್ಲ.” ಸಾಲ ಅಳಿಯನ ಹಾಗೆ ಎಂದು ಹೇಳಲಿಲ್ಲ, ಸಾಲವೇ ಅಳಿಯ ಎಂದುಬಿಟ್ಟ. ನಮ್ಮ ಪಕ್ಕದ ಬೀದರ ಜಿಲ್ಲೆಯ ಕಲ್ಯಾಣದಲ್ಲಿದ್ದ ಬಸವಣ್ಣನವರು ತಮ್ಮ ಮೈಯನ್ನೇ ಗುಡಿಯಾಗಿ ಕಂಡದ್ದು ಕೂಡ ರೂಪಕವೇ. ನಮ್ಮ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರಂಥ ತತ್ವಪದಕಾರರ ಹಾಡುಗಳಲ್ಲೂ ರೂಪಕಗಳು ತುಂಬಿವೆ. ಏಕತಾರಿ ಹಿಡಿದು ಹಾಡುವವರು ಬಂದಾಗ ಗಮನವಿಟ್ಟು ಕೇಳಿರಿ. ಹೊಲ, ಮನಿ, ಹಕ್ಕಿ ಎಂದು ಹಾಡುತ್ತಾರೆ, ಆದರೆ ಅವರು ಹೇಳುತ್ತಿರುವುದು ಮೈ ಮತ್ತು ಜೀವದ ವಿಷಯ.

3. ಉತ್ಪ್ರೇಕ್ಷೆ: ಇದರಲ್ಲಿ ನಾವೆಲ್ಲ ತಪ್ಪುತ್ತೇವೆ. ಉತ್ಪ್ರೇಕ್ಷೆ ಅಂದರೆ ಹೆಚ್ಚು ಮಾಡಿ ಹೇಳುವುದು ಎಂದು ಬರೆಯುತ್ತೇವೆ. ದಿನದ ಮಾತಿನಲ್ಲಿ ಆ ಅರ್ಥ ಇದೆ ಖರೆ, ಆದರೆ ಅಲಂಕಾರದಲ್ಲಿ ಹಾಗಲ್ಲ. ಒಂದನ್ನು ಮತ್ತೊಂದೇನೋ ಎಂದು ಕಲ್ಪಿಸುವುದು ಉತ್ಪ್ರೇಕ್ಷೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಎರಿ ಹೊಲ ಬಿರುಕು ಬಿಟ್ಟಾಗ ಆಯಿ ಅಂತಾಳ: “ಭೂಮಿ ತಾಯಿ ನೀರು ಕೇಳಾಕ ಬಾಯಿ ತಗದಾಳೇನೋ ಅನ್ನಂಗ ಅದ.” ಆ ‘ಏನೋ’ ಎಂಬುದೇ ಉತ್ಪ್ರೇಕ್ಷೆಯ ಗುರುತು.

4. ಅತಿಶಯೋಕ್ತಿ: ಹೆಚ್ಚು ಮಾಡಿ ಹೇಳುವುದು ಇದು. “ನಮ್ಮ ಕಲಬುರಗಿ ಬಿಸಿಲಿಗಿ ಬಂಡಿ ಮ್ಯಾಲ ರೊಟ್ಟಿ ಬೇಯ್ತಾವ” ಎನ್ನುತ್ತೇವಲ್ಲ, ಅದು. ಕೇಳಿದವರು ಸುಳ್ಳು ಅನ್ನುವುದಿಲ್ಲ. ಬಿಸಿಲು ಎಷ್ಟು ಅಂತ ಅವರಿಗೆ ತಿಳಿಯುತ್ತದೆ.

5. ದೃಷ್ಟಾಂತ: ಎರಡು ಬೇರೆ ಬೇರೆ ಮಾತು, ಆದರೆ ಒಂದು ಇನ್ನೊಂದರ ಕನ್ನಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಊಟಕ್ಕೂ ಮಾತಿಗೂ ಸಂಬಂಧ ಇಲ್ಲ, ಆದರೂ ಎರಡೂ ಜೋಡಿ ಕೂತಿವೆ.

6. ಅರ್ಥಾಂತರನ್ಯಾಸ: ಹೆಸರು ಕೇಳಿ ಹೆದರಬೇಡಿರಿ. ಒಬ್ಬರ ಸಂಗತಿ ಹೇಳಿ, ಎಲ್ಲರಿಗೂ ಹೊಂದುವ ಮಾತಿನಿಂದ ಅದನ್ನು ಗಟ್ಟಿ ಮಾಡುವುದು. “ನಮ್ಮ ತಮ್ಮ ದಿನಾ ನಾಕು ಅಕ್ಷರ ತಿದ್ದಿ ತಿದ್ದಿ ಪತ್ರ ಬರೆಯೋದು ಕಲಿತ. ಹನಿ ಹನಿ ಕೂಡಿದರ ಹಳ್ಳ ಅಲ್ಲೇನು?” ಮೊದಲನೆಯದು ತಮ್ಮನ ಮಾತು, ಎರಡನೆಯದು ಲೋಕದ ಮಾತು. ತಲೆಕೆಳಗು ಮಾಡಿ, ಲೋಕದ ಮಾತು ಮೊದಲು ಹೇಳಿ ಅದಕ್ಕೆ ಒಬ್ಬರ ಸಂಗತಿಯನ್ನು ಆಧಾರ ಕೊಟ್ಟರೂ ನಡೆಯುತ್ತದೆ.

7. ಅನುಪ್ರಾಸ ಮತ್ತು ಯಮಕ: ಇವು ಕಿವಿಯ ಅಲಂಕಾರಗಳು. ಗಾಜಿಪುರದ ಓಣಿಯಲ್ಲಿ ಕಾಯಿಪಲ್ಯದ ಬಂಡಿಯವನು “ಬೆಂಡಿ, ಬದನಿ, ಬೀಟರೂಟ ಬಂದಾವ, ಬರ್ರಿ ಬರ್ರಿ” ಎಂದು ಕೂಗುತ್ತಾನೆ. ‘ಬ’ ಮೇಲಿಂದ ಮೇಲೆ ಬಂತಲ್ಲ, ಅದು ವೃತ್ತ್ಯನುಪ್ರಾಸ. “ಹುಲ್ಲಿನ ಹೊರಿ ಹೊತ್ತು ಹೊತ್ತು, ಹೊತ್ತೇ ಹೋತು” ಎಂದಾಗ ಒಂದು ‘ಹೊತ್ತು’ ಹೊರುವುದು, ಇನ್ನೊಂದು ‘ಹೊತ್ತು’ ವೇಳೆ. ಅಕ್ಷರ ಅವೇ, ಅರ್ಥ ಬೇರೆ, ಇದು ಯಮಕ. ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳುವಾಗ ಹೆಣ್ಣುಮಕ್ಕಳು ಒಡಪು ಕಟ್ಟುತ್ತಾರಲ್ಲ, ಅಲ್ಲಿ ಪ್ರಾಸ ತಪ್ಪಿದರೆ ಮುದುಕಿಯರು ಬಿಡುವುದೇ ಇಲ್ಲ!

ಹಾಗಾದರೆ ನಾನು ಸೋತದ್ದು ಯಾಕೆ?

ಇಷ್ಟೆಲ್ಲ ಗೊತ್ತಿದ್ದೂ ಸ್ಪರ್ಧೆಯಲ್ಲಿ ನನ್ನ ಕಥೆ ಯಾಕೆ ಹಿಡಿಸಲಿಲ್ಲ? ಇದಕ್ಕೂ ಕವಿರಾಜಮಾರ್ಗದಲ್ಲೇ ಉತ್ತರ ಇದೆ. ಸಂಸ್ಕೃತವನ್ನೂ ಕನ್ನಡವನ್ನೂ ತಿಳಿಯದೆ ಹೇಗೆ ಬೇಕೋ ಹಾಗೆ ಸಮಾಸ ಮಾಡಿ ಬೆರೆಸಿದರೆ, ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಶ್ರೀವಿಜಯ ಎಚ್ಚರಿಸುತ್ತಾನೆ. ಹಾಲೂ ಒಳ್ಳೆಯದೇ, ಮಜ್ಜಿಗೆಯೂ ಒಳ್ಳೆಯದೇ. ಆದರೆ ಬೆರೆಸಬಾರದ ಹೊತ್ತಿನಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಉಪಮೆಯ ಬಗ್ಗೆ ಪಾಠ ಹೇಳುವ ಕವಿ ತಾನೂ ಅಡಿಗೆ ಮನೆಯ ಉಪಮೆಯನ್ನೇ ತೆಗೆದುಕೊಂಡಿದ್ದಾನೆ ನೋಡಿರಿ. ನಾನು ಆಯಿಯ ಹಾಲಿಗೆ ‘ದಿನಕರ’, ‘ದಾರಿದ್ರ್ಯ’ ಅಂತ ಮಜ್ಜಿಗೆ ಹಾಕಿದ್ದೆ.

ಇನ್ನೊಂದು ಮಾತು. ನಮ್ಮ ಕಲಬುರಗಿ ಕಡೆಯ ಮಾತು ಸಾಹಿತ್ಯಕ್ಕೆ ಸಲ್ಲುವುದಿಲ್ಲ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಕಲಬುರಗಿ ಹತ್ತಿರದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ಈ ಮಾತಿನಲ್ಲೇ ಕಾದಂಬರಿ ಬರೆದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2020ರಲ್ಲಿ ಅವರು ತೀರಿಕೊಂಡರು. ಪಾತ್ರ ಯಾವ ಊರಿನದೋ ಆ ಊರಿನ ಮಾತು ಅದರ ಬಾಯಲ್ಲಿ ಬಂದರೆ, ಓದುವವರ ಕಣ್ಣಿಗೆ ಆ ಮನುಷ್ಯ ಕಾಣುತ್ತಾನೆ. ಅದೂ ಒಂದು ಕಥೆ ಹೇಳುವ ರೀತಿಯೇ.

ಆದರೆ ಮಾತಿನ ತಪ್ಪಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಅದು ತಿಳಿಯಬೇಕಾದರೆ ಆಯಿಯ ಕಥೆಯನ್ನು ನೀವು ಕೇಳಬೇಕು.

ಆಯಿಯ ಕಥೆ

“ಒಂದೂರಾಗ ಒಬ್ಬಾಕಿ ಹೆಣ್ಣುಮಗಳಿದ್ದಳು. ಗಂಡ ಸತ್ತಿದ್ದ, ಸಾಲ ಬದುಕಿತ್ತು. ಹಳ್ಳದ ಆಚೀಕ ಒಂದು ತುಂಡು ಹೊಲ. ಮನ್ಯಾಗ ಉಳದದ್ದು ಮೂರು ಹಿಡಿ ಮ್ಯಾಲ ಒಂದಿಷ್ಟು ತೊಗರಿ ಬೀಜ. ಮಿರಗಾ ಮಳಿ ಇವತ್ತು ನಾಳಿ ಅಂತಿತ್ತು. ಆಕಿ ಬೀಜ ಉಡ್ಯಾಗ ಹಾಕ್ಕೊಂಡು ಹೊಲಕ್ಕ ಹೊಂಟಳು. ಸೀರಿ ಹಳೇದು, ಉಡ್ಯಾಗ ಒಂದು ತೂತು. ಸೂಜಿ ಇತ್ತು, ದಾರ ಇದ್ದಿಲ್ಲ.

ದಾರ್ಯಾಗ ಇರಬಿ ಬಂತು. ‘ಯವ್ವಾ, ಹೊಟ್ಟಿ ಹಸದದ’ ಅಂತು. ಆಕಿ ಉಡ್ಯಾಗ ಕೈ ಹಾಕಿದಳು, ತುಂಬ ಒಂದು ಹಿಡಿ ಬಂತು. ‘ನನ್ನ ಹಿಡಿ ಸಣ್ಣದು, ನಿನ್ನ ಹಸಿವು ದೊಡ್ಡದು, ತಗೋ’ ಅಂದಳು.

ಮುಂದ ಗುಬ್ಬಿ ಬಂತು. ‘ಯವ್ವಾ, ಹೊಟ್ಟಿ ಹಸದದ’ ಅಂತು. ಉಡ್ಯಾಗ ಕೈ ಹಾಕಿದಳು, ಅರ್ಧ ಹಿಡಿ ಬಂತು. ‘ಕೈ ಸಣ್ಣದಾತೇನೋ, ವಯಸ್ಸಾತು’ ಅಂದುಕೊಂಡಳು. ‘ನನ್ನ ಹಿಡಿ ಸಣ್ಣದು, ನಿನ್ನ ಹಸಿವು ದೊಡ್ಡದು, ತಗೋ’ ಅಂದಳು.

ಹಳ್ಳದ ದಂಡ್ಯಾಗ ಒಬ್ಬ ದಾರಿಹೋಕ ಕುಂತಿದ್ದ. ‘ಯವ್ವಾ, ಹೊಟ್ಟಿ ಹಸದದ’ ಅಂದ. ಉಡ್ಯಾಗ ಕೈ ಹಾಕಿದಳು, ನಾಕೇ ಕಾಳು. ‘ನನ್ನ ಹಿಡಿ ಸಣ್ಣದು, ನಿನ್ನ ಹಸಿವು ದೊಡ್ಡದು, ತಗೋ’ ಅಂದಳು.

ಹೊಲಕ್ಕ ಹೋಗಿ ಉಡಿ ಬಿಚ್ಚಿದರ ಏನೂ ಇಲ್ಲ. ಬದುವಿನ ಮ್ಯಾಲ ಕುಂತು ಅತ್ತಳು. ಬರಿ ಉಡಿ ಕಟ್ಟಿಕೊಂಡು ಮನಿಗಿ ಬಂದಳು. ಆ ರಾತ್ರಿ ಮಳಿ ಬಂತು. ಎಂಟು ದಿನ ಬಿಟ್ಟು ಬಾಗಲಾ ತಗದು ನೋಡ್ತಾಳ, ಹೊಸ್ತಿಲಿಂದ ಹಳ್ಳದ ತನಕ ದಾರಿಗುಂಟ ಹಸರು ಸಾಲು! ಇರಬಿ ಮುಟ್ಟಿದ್ದಿಲ್ಲ, ಅದರ ಹೊಟ್ಟಿ ತುಂಬಿತ್ತು. ಗುಬ್ಬಿ ಮುಟ್ಟಿದ್ದಿಲ್ಲ, ಅದರ ಹೊಟ್ಟಿ ತುಂಬಿತ್ತು. ದಾರಿಹೋಕ ತುಳದಿದ್ದಿಲ್ಲ, ಅವನ ಹೊಟ್ಟಿ ತುಂಬಿತ್ತು. ಆ ವರ್ಷ ಉಡಿ ಹರಿತು, ಹಳ್ಳ ಹರಿತು, ಸಾಲನೂ ಹರಿತು.”

ಇಷ್ಟೇ ಕಥೆ. ಇದರಲ್ಲಿ ಅಡಗಿರುವ ಯುಕ್ತಿಗಳನ್ನು ಈಗ ಒಂದೊಂದಾಗಿ ನೋಡೋಣ.

ಕಥೆಯೊಳಗಿನ ಯುಕ್ತಿಗಳು

ಆರಂಭ: “ಗಂಡ ಸತ್ತಿದ್ದ, ಸಾಲ ಬದುಕಿತ್ತು.” ಆರು ಸಾಲಿನ ವಿವರ ಬೇಕಾಗಲಿಲ್ಲ. ವಿರುದ್ಧವಾದ ಎರಡು ಮಾತುಗಳನ್ನು ಪಕ್ಕಕ್ಕೆ ಪಕ್ಕ ಇಟ್ಟಿದ್ದರಿಂದ ಆಕೆಯ ಕಷ್ಟವೆಲ್ಲ ಕಣ್ಣ ಮುಂದೆ ಬಂತು. ನನ್ನ ‘ಘೋರ ಕಾರ್ಗತ್ತಲು’ ಈ ನಾಲ್ಕು ಶಬ್ದಗಳ ಮುಂದೆ ಸಪ್ಪೆ.

ಮೂರು ಸಲ: ಕಥೆಯಲ್ಲಿ ಬೇಡುವವರು ಇಬ್ಬರಲ್ಲ, ನಾಲ್ವರಲ್ಲ, ಮೂವರು. ಜನಪದ ಕಥೆಗಳಲ್ಲಿ ಮೂರು ಅಣ್ಣತಮ್ಮಂದಿರು, ಮೂರು ಪ್ರಶ್ನೆ, ಮೂರು ವರ ಬಹಳ. ಮೊದಲ ಸಲ ನಮಗೆ ತಿಳಿಯುತ್ತದೆ, ಎರಡನೇ ಸಲ ರೂಢಿ ಆಗುತ್ತದೆ, ಮೂರನೇ ಸಲ ಏನಾಗುವುದೋ ಎಂದು ಕಾಯುತ್ತೇವೆ. ಹಿಡಿ ತುಂಬ ಇದ್ದದ್ದು ಅರ್ಧ ಆಗಿ, ನಾಲ್ಕು ಕಾಳಾಗಿ ಇಳಿಯುತ್ತಾ ಹೋದದ್ದನ್ನೂ ಗಮನಿಸಿರಿ.

ಪಲ್ಲವಿ: “ನನ್ನ ಹಿಡಿ ಸಣ್ಣದು, ನಿನ್ನ ಹಸಿವು ದೊಡ್ಡದು” ಎಂಬ ಮಾತು ತಿರುಗಿ ತಿರುಗಿ ಬರುತ್ತದೆ. ಹೇಳುವವರಿಗೆ ಇದು ನೆನಪಿನ ಗೂಟ, ಕೇಳುವವರಿಗೆ ಸೇರಿಕೊಳ್ಳುವ ಜಾಗ. ಮೂರನೇ ಸಲಕ್ಕೆ ಮಕ್ಕಳೆಲ್ಲ ಆಯಿ ಜೊತೆ ಒಕ್ಕೊರಲಿನಿಂದ ಹೇಳುತ್ತಾರೆ. ಹಾಗೆಯೇ “ಹೂಂ” ಅನ್ನುವುದು. ನಾವು ಹೂಂಗುಟ್ಟದಿದ್ದರೆ ಆಯಿ ಕಥೆ ನಿಲ್ಲಿಸಿಬಿಡುತ್ತಾಳೆ. ಕಥೆ ಒಬ್ಬರ ಕೆಲಸವಲ್ಲ, ಇಬ್ಬರ ಕೆಲಸ.

ನಮಗೆ ಗೊತ್ತು, ಆಕೆಗೆ ಗೊತ್ತಿಲ್ಲ: ಉಡಿಯಿಂದ ಕಾಳು ಸೋರುತ್ತಿದೆ ಎಂದು ಕೇಳುವ ನಮಗೆ ಗೊತ್ತು. ಆಕೆ ಮಾತ್ರ “ಕೈ ಸಣ್ಣದಾತೇನೋ” ಅನ್ನುತ್ತಾಳೆ. ಆಗ ನಮಗೆ ‘ಯವ್ವಾ, ಕೆಳಗ ನೋಡು’ ಎಂದು ಕೂಗಬೇಕು ಅನ್ನಿಸುತ್ತದೆ. ನಾಟಕಗಳಲ್ಲಿ ಈ ಯುಕ್ತಿಯನ್ನು ಬಹಳ ಬಳಸುತ್ತಾರೆ. ಬಯಲಾಟದಲ್ಲಿ ವೇಷ ಮರೆಸಿಕೊಂಡು ಬಂದವನು ಯಾರೆಂದು ನಮಗೆ ತಿಳಿದಿರುತ್ತದೆ, ರಾಜನಿಗೆ ತಿಳಿದಿರುವುದಿಲ್ಲ. ಅದೇ ಇದು.

ಶಬ್ದದ ಆಟ: ಕೊನೆಯ ಮಾತಿನಲ್ಲಿ ‘ಹರಿತು’ ಮೂರು ಸಲ ಬಂತು. ಉಡಿ ಹರಿದದ್ದು ಅಂದರೆ ಹಿಂಜಿದ್ದು. ಹಳ್ಳ ಹರಿದದ್ದು ಅಂದರೆ ನೀರು ಓಡಿದ್ದು. ಸಾಲ ಹರಿದದ್ದು ಅಂದರೆ ತೀರಿದ್ದು. ಮೇಲೆ ಹೇಳಿದ ಯಮಕದ ಜಾತಿಯೇ ಇದು. ಒಂದೇ ಶಬ್ದ ಒಂದೇ ಸಲ ಬಂದು ಎರಡು ಅರ್ಥ ಕೊಟ್ಟಿದ್ದರೆ ಅದನ್ನು ಶ್ಲೇಷೆ ಅನ್ನುತ್ತಿದ್ದೆವು.

ಹೇಳದೆ ಬಿಡುವುದು: ‘ದಾನ ಮಾಡಿದರೆ ಒಳ್ಳೆಯದಾಗುತ್ತದೆ’ ಎಂದು ಆಯಿ ಎಲ್ಲಿಯೂ ಹೇಳುವುದಿಲ್ಲ. ಇರಬಿ ಮುಟ್ಟಲಿಲ್ಲ, ಗುಬ್ಬಿ ಮುಟ್ಟಲಿಲ್ಲ ಎಂದು ಮಾತ್ರ ಹೇಳುತ್ತಾಳೆ. ಉಳಿದದ್ದು ನಮಗೆ ಬಿಟ್ಟದ್ದು. ನಾನು ಸ್ಪರ್ಧೆಯಲ್ಲಿ ನೀತಿಯನ್ನು ಐದು ನಿಮಿಷ ಹೇಳಿದ್ದೆ!

ಮುನ್ಸೂಚನೆ: ಇದೇ ಎಲ್ಲಕ್ಕಿಂತ ಮುಖ್ಯ. “ಉಡ್ಯಾಗ ಒಂದು ತೂತು. ಸೂಜಿ ಇತ್ತು, ದಾರ ಇದ್ದಿಲ್ಲ” ಎಂಬ ಮಾತು ಮೊದಲೇ ಬಂದುಬಿಡುತ್ತದೆ. ಆಗ ಅದು ಬಡತನದ ವಿವರ ಎಂದು ನಮಗೆ ಅನ್ನಿಸುತ್ತದೆ, ಅಷ್ಟು ಲಕ್ಷ್ಯ ಕೊಡುವುದಿಲ್ಲ. ಕೊನೆಯಲ್ಲಿ ಹಸಿರು ಸಾಲು ಕಂಡಾಗ ‘ಹೌದಲ್ಲಾ, ತೂತು ಇತ್ತು!’ ಎಂದು ನಮಗೇ ಹೊಳೆಯುತ್ತದೆ. ಮುಂದೆ ಬರುವುದರ ಬೀಜವನ್ನು ಮೊದಲೇ ಬಿತ್ತಿಡುವುದಕ್ಕೆ ಮುನ್ಸೂಚನೆ ಎನ್ನುತ್ತಾರೆ. ಬಿತ್ತದೆ ಬೆಳೆ ಬರುವುದಿಲ್ಲ. ನಾನು ತೂತನ್ನು ಕೊನೆಗೆ ಹೇಳಿದ್ದರಿಂದ ಅದು ಕಥೆಯ ಯುಕ್ತಿ ಆಗಲಿಲ್ಲ, ನನ್ನ ಮೋಸ ಆಯಿತು. “ಆ ತೂತು ಈಗ ಬಿತ್ತೇನು?” ಎಂದು ಕೇಳಿದ ಆ ಸಣ್ಣ ಹುಡುಗ ನನಗೆ ಗುರು. ಅವನು ಎಲ್ಲಿಯೇ ಇರಲಿ, ಅವನಿಗೆ ನಮಸ್ಕಾರ.

ಕಥೆಯೊಳಗೆ ಕಥೆ ಎಂಬ ಇನ್ನೊಂದು ಯುಕ್ತಿ ಇದೆ. ಅದು ಆಯಿಯ ಕಥೆಯಲ್ಲಿ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದುರ್ಗಸಿಂಹ ಕನ್ನಡದಲ್ಲಿ ಬರೆದ ‘ಪಂಚತಂತ್ರ’ದಲ್ಲಿ ನೋಡಬಹುದು. ರಾಜನ ದಡ್ಡ ಮಕ್ಕಳಿಗೆ ಬುದ್ಧಿ ಕಲಿಸುವ ಕಥೆ ಹೊರಗಿನ ಚೌಕಟ್ಟು. ಅದರ ಒಳಗೆ ಪ್ರಾಣಿಗಳ ಕಥೆ, ಆ ಪ್ರಾಣಿಗಳು ಹೇಳುವ ಮತ್ತೊಂದು ಕಥೆ. ಈರುಳ್ಳಿ ಸುಲಿದಂತೆ ಪದರು ಪದರು.

ಗಾಜಿಪುರದ ಮಾಳಿಗೆಯ ಮೇಲೆ

ಇದನ್ನೆಲ್ಲ ಕಲಿತು ಏನು ಉಪಯೋಗ? ನಾಲ್ಕು ಅಂಕ ಬರುತ್ತವೆ, ಅಷ್ಟೇ ತಾನೇ ಎಂದು ನೀವು ಕೇಳಬಹುದು. ಅದಕ್ಕೆ ಈ ಬೇಸಿಗೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ.

ನಮ್ಮ ಅಪ್ಪ ಅವ್ವ ಕೆಲಸಕ್ಕಾಗಿ ಕಲಬುರಗಿಯ ಗಾಜಿಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ನಾನು ಓದಲೆಂದು ಕಮಲಾಪುರ ತಾಲೂಕಿನ ಈ ನಮ್ಮ ಹಳ್ಳಿಯಲ್ಲಿ ಆಯಿ ಹತ್ತಿರ ಇರುವುದು ನಿಮಗೆ ಗೊತ್ತೇ ಇದೆ. ಸೂಟಿ ಬಿಟ್ಟ ಮೇಲೆ ಆಯಿಯ ಕಣ್ಣಿನ ಆಪರೇಶನ್ ಮಾಡಿಸಲು ಇಬ್ಬರೂ ಗಾಜಿಪುರಕ್ಕೆ ಹೋದೆವು. ಕಣ್ಣು ಚೆನ್ನಾಗಿ ಆಯಿತು. ಆದರೆ ಆಯಿಗೆ ಮರೆವು ಶುರುವಾಗಿತ್ತು. ನನ್ನನ್ನು ಅವ್ವನ ಹೆಸರಿನಿಂದ ಕರೆಯುತ್ತಿದ್ದಳು. ಊಟ ಮಾಡಿ ಅರ್ಧ ಗಂಟೆಗೆ “ಉಣ್ಣಾಕ ನೀಡ್ರೇ” ಅನ್ನುತ್ತಿದ್ದಳು. ಮೊದಲು ನಾವು ನಕ್ಕೆವು, ಆಮೇಲೆ ನಗಲಿಲ್ಲ.

ಒಂದು ರಾತ್ರಿ ಕರೆಂಟು ಹೋಗಿತ್ತು. ಸೆಕೆ ತಾಳದೆ ಓಣಿಯ ಹುಡುಗರೆಲ್ಲ ನಮ್ಮ ಮಾಳಿಗೆ ಮೇಲೆ ಬಂದರು. ಯಾರೋ “ಆಯಿ, ಕಥಿ ಹೇಳು” ಅಂದರು. ಆಯಿ ಶುರು ಮಾಡಿದಳು. “ಒಂದೂರಾಗ ಒಬ್ಬಾಕಿ ಹೆಣ್ಣುಮಗಳಿದ್ದಳು. ಗಂಡ ಸತ್ತಿದ್ದ, ಸಾಲ ಬದುಕಿತ್ತು.” ನಾನು ಹೂಂ ಅಂದೆ. ಬೀಜ ಬಂತು, ಉಡಿ ಬಂತು, ಆಕೆ ಹೊಲಕ್ಕೆ ಹೊರಟಳು. ತೂತು ಬರಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ತೂತು ಇ‍ಲ್ಲದಿದ್ದರೆ ಕಾಳು ಸೋರುವುದಿಲ್ಲ, ಸೋರದಿದ್ದರೆ ದಾರಿಗುಂಟ ಬೆಳೆ ಬರುವುದಿಲ್ಲ. ಆಯಿ ಕೊನೆಗೆ ಬಂದು ನಿಂತಾಗ ದಾರಿ ಸಿಗುವುದಿಲ್ಲ. ಹುಡುಗರು ನಗುತ್ತಾರೆ, ನನಗೆ ನಕ್ಕಂತೆ. ನಾನೇ ಹೇಳಿಬಿಡಲೇ ಅನ್ನಿಸಿತು. ಆದರೆ ಹಾಗೆ ಹೇಳಿದರೆ, ನಿನಗೆ ಮರೆತಿದೆ ಎಂದು ಎಲ್ಲರ ಮುಂದೆ ಹೇಳಿದ ಹಾಗೆ. ಅದಕ್ಕೆ ಹೂಂಗುಟ್ಟುವವರು ಕೇಳುವ ಹಾಗೆಯೇ ಕೇಳಿದೆ: “ಆಯಿ, ಆಕಿ ಸೀರಿ ಹ್ಯಾಂಗಿತ್ತು?”

ಆಯಿ ಸುಮ್ಮನಾದಳು. ಕತ್ತಲಲ್ಲಿ ಆಕೆಯ ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂದಳು: “ಹಳೇದವ್ವಾ... ಉಡ್ಯಾಗ ಒಂದು ತೂತಿತ್ತು. ಸೂಜಿ ಇತ್ತು, ದಾರ ಇದ್ದಿಲ್ಲ.” ಆಮೇಲೆ ಇರಬಿ ಬಂತು, ಗುಬ್ಬಿ ಬಂತು, ದಾರಿಹೋಕ ಬಂದ. ಮೂರನೇ ಸಲಕ್ಕೆ ಓಣಿಯ ಹುಡುಗರೆಲ್ಲ “ನನ್ನ ಹಿಡಿ ಸಣ್ಣದು” ಎಂದು ಕೂಗಿದರು. ಕಥೆ ಹೊಸ್ತಿಲಿಂದ ಹಳ್ಳದವರೆಗೆ ಹಸಿರಾಯಿತು.

ಆ ರಾತ್ರಿಯೇ ಮೇಣದ ಬತ್ತಿ ಹಚ್ಚಿಕೊಂಡು, ಆಯಿ ಹೇಳಿದ ಮಾತನ್ನು ಒಂದೂ ಬದಲು ಮಾಡದೆ ನೋಟಬುಕ್ಕಿನಲ್ಲಿ ಬರೆದುಕೊಂಡೆ. ಮೇಲೆ ನೀವು ಓದಿದ್ದು ಅದೇ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೇಲೆ ಮತ್ತೊಮ್ಮೆ ಹೇಳು ಅಂದೆ. ಈ ಸಲ ಗುಬ್ಬಿಯೂ ಮರೆತಿತ್ತು. ಈಗ ನಾನೇ ಆಯಿಗೆ ಕಥೆ ಹೇಳುತ್ತೇನೆ, ಆಕೆ ಹೂಂ ಅನ್ನುತ್ತಾಳೆ.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆಯಲ್ಲಿ, ಒಬ್ಬಾಕೆ ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳುವುದಿಲ್ಲ. ಅವು ಸಿಟ್ಟಾಗಿ, ಆಕೆ ಮಲಗಿದ್ದಾಗ ಬಾಯಿಂದ ಹೊರಗೆ ಬಂದು, ಒಂದು ಜೋಡು ಚಪ್ಪಲಿಯಾಗಿ, ಒಂದು ಕೋಟಾಗಿ ಕೂತು ಗಂಡ ಹೆಂಡಿರಿಗೆ ಜಗಳ ಹಚ್ಚುತ್ತವೆ. ಗಿರೀಶ ಕಾರ್ನಾಡರು ಇದನ್ನು ‘ನಾಗಮಂಡಲ’ ನಾಟಕದಲ್ಲಿ ಬಳಸಿಕೊಂಡಿದ್ದಾರೆ. ಹೇಳದೆ ಇಟ್ಟ ಕಥೆ ಉಳಿಯುವುದಿಲ್ಲ ಎಂದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು.

ಅಲಂಕಾರದ ಹೆಸರುಗಳನ್ನು ಕಲಿಯುವುದು ಬರೇ ಅಂಕಕ್ಕಲ್ಲ. ಕಥೆಯಲ್ಲಿ ಯಾವುದು ಗೂಟ, ಯಾವುದು ಹಗ್ಗ ಎಂದು ತಿಳಿದಿದ್ದರೆ, ಅದು ಬಿಚ್ಚಿಹೋಗುವಾಗ ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗುತ್ತದೆ.

ನೀವೂ ಮಾಡಿ ನೋಡಿರಿ

ಒಂದು, ಇವತ್ತು ಮನೆಗೆ ಹೋಗಿ ದೊಡ್ಡವರ ಮಾತಿನಿಂದ ಒಂದು ಉಪಮೆ, ಒಂದು ರೂಪಕ ಹುಡುಕಿ ಬರೆದು ತನ್ನಿರಿ. ಬೈಗುಳ ಆದರೂ ಆದೀತು, ಆದರೆ ಗುರುಗಳಿಗೆ ತೋರಿಸುವಂಥದ್ದಿರಲಿ!

ಎರಡು, ನಿಮ್ಮ ಮನೆಯ ಒಂದು ಕಥೆಯನ್ನು ಹೇಳಿದವರ ಮಾತಿನಲ್ಲೇ ಬರೆಯಿರಿ. ಅದರ ‘ತೂತು’ ಎಲ್ಲಿದೆ, ಅಂದರೆ ಮುನ್ಸೂಚನೆ ಎಲ್ಲಿದೆ ಎಂದು ಕೆಳಗೆ ಗೆರೆ ಹಾಕಿರಿ.

ಮುಂದಿನ ತಿಂಗಳ ಪತ್ರಿಕೆಯಲ್ಲಿ ಈ ಮೂಲೆ ಖಾಲಿ ಬಿಡುತ್ತೇವೆ, ನಿಮ್ಮ ಕಥೆಗಳಿಗಾಗಿ. ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕೆಂದು ವಿನಂತಿ.

ಇಂತಿ ನಿಮ್ಮ ಗೆಳತಿ,
ಹತ್ತನೇ ತರಗತಿ